ಅರೋವಾನಾ ತೊಟ್ಟಿಗೆ ಮುಚ್ಚಳ

ಅದೃಷ್ಟ ತರುತ್ತೆ ಅಂತ ಹಾಲ್‌ನಲ್ಲಿ ಅರೋವಾನಾ ಸಾಕ್ತಾರಲ್ಲ, ಅದು ಅಮೆಜಾನ್ ಕಾಡಿಗೆ ನೆರೆ ನುಗ್ಗಿದಾಗ ನೀರಿಂದ ಚಂಗನೆ ಎಗರಿ ಕೊಂಬೆ ಮೇಲಿನ ಜೀರುಂಡೆ ಹಿಡಿದು ತಿನ್ನೋ ಜಾತಿ. ಟ್ಯೂಬ್‌ಲೈಟ್ ಹತ್ರ ಹುಳ ಹಾರಾಡಿದ್ರೆ ಸುಮ್ನಿರುತ್ತಾ? ಬೆಳಗ್ಗೆ ಎದ್ದು ಹುಡುಕಿದ್ರೆ ಸೋಫಾ ಕೆಳಗೆ ಒಣಗಿ ಬಿದ್ದಿರುತ್ತೆ, ಪಾಪ.

ಗಪ್ಪಿ, ಮೋಲಿಯಂಥವೂ ಎಗರೋಕೆ ಶುರುಮಾಡಿದ್ರೆ ಮಾತ್ರ ಮೊದಲು ನೀರಿನ ಮೇಲೇ ಅನುಮಾನ ಪಡಬೇಕು. ಅಮೋನಿಯಾ ಏರಿರಬಹುದು, ಇಲ್ಲಾ ನಲ್ಲಿ ನೀರಿನ ಕ್ಲೋರಿನ್ ಹೋಗಿರಲ್ಲ. ಹೊಸ ಮೀನು ಗಾಬರಿಗೆ ಎಗರದ ಹಾಗೆ, ತಂದ ರಾತ್ರಿ ಲೈಟ್ ಆರಿಸಿಬಿಡಿ. ನೀರು ಅಂಚಿನಿಂದ ನಾಲ್ಕು ಬೆರಳು ಕೆಳಗಿರಲಿ. ಮುಚ್ಚಳ ಇದ್ರೂ ಫಿಲ್ಟರ್ ಪೈಪ್ ಪಕ್ಕದ ಸಂದಿಗೆ ಸ್ಪಂಜ್ ತುರುಕಿ, ಸಣ್ಣ ಮೀನಿಗೆ ಅಷ್ಟೇ ಸಾಕು ನುಸುಳೋಕೆ. ಬೆಳೆದ ಅರೋವಾನಾ ಆದ್ರೆ ಮುಚ್ಚಳದ ಮೇಲೆ ಭಾರ ಇಡಿ, ಗುದ್ದಿ ಎಬ್ಬಿಸಿಬಿಡುತ್ತೆ.