ರೇಷನ್ ಅಕ್ಕಿ ಒಳಗಿನ ಬ್ಯಾರೆ ಬಣ್ಣದ ಕಾಳು ಒಗೀಬ್ಯಾಡ್ರಿ



ಇವತ್ತು ತೊಗರಿ ಮಾತು ಬಿಟ್ಟು ರೇಷನ್ ಅಕ್ಕಿ ಬಗ್ಗೆ ಬರೀತೀನಿ. ನಮ್ಮ ಕೊಡ್ಲಿ ಒಳಗ ಹೆಣ್ಮಕ್ಕಳು ಅಕ್ಕಿ ಹಸನು ಮಾಡುವಾಗ, ಬಣ್ಣ ಸ್ವಲ್ಪ ಬ್ಯಾರೆ ಇರೋ ಕಾಳು "ಪ್ಲಾಸ್ಟಿಕ್" ಅಂತ ಆರಿಸಿ ಒಗೀತಾರ. ನಮ್ಮ ಸೊಸಿನೂ ಹಂಗೇ ಮಾಡ್ತಿದ್ಲು. ಆಕಿ ಬಸುರಿ, ರಕ್ತ ಕಡಿಮಿ ಅದ ಅಂತ ಡಾಕ್ಟರ್ ಕಬ್ಬಿಣದ ಗುಳಿಗಿ ಕೊಟ್ಟಾರ. ಗುಳಿಗಿ ನುಂಗೋದು, ಊಟದಾಗಿನ ಕಬ್ಬಿಣ ತಿಪ್ಪಿಗೆ ಹಾಕೋದು!

ಅದು ಪ್ಲಾಸ್ಟಿಕ್ ಅಲ್ರಿ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಸಿಡ್, ಬಿ12 ಕಲಿಸಿ, ಶಾವಿಗಿ ಒತ್ತಿದಂಗ ಮಷೀನಿನಾಗ ಒತ್ತಿ, ಅಕ್ಕಿ ಆಕಾರಕ್ಕೆ ಕತ್ತರಿಸಿ ಒಣಗಿಸಿದ ಕಾಳು. 1 ಕಿಲೋ ಅಕ್ಕಿಗೆ ಸುಮಾರು 10 ಗ್ರಾಂ ಬೆರೆಸ್ತಾರ. 2021ರ ಆಗಸ್ಟ್ 15ಕ್ಕ ಪ್ರಧಾನಿ ಕೆಂಪುಕೋಟೆಯಿಂದ ಹೇಳಿದ್ದು ಇದೇ ಅಕ್ಕಿ. ಸಾಮಾನ್ಯವಾಗಿ ಹಾಕೋ ಫೆರಿಕ್ ಪೈರೋಫಾಸ್ಫೇಟ್ ಆದ್ರ, ಕಿಲೋಕ್ಕೆ 28ರಿಂದ 42.5 ಮಿಲಿಗ್ರಾಂ ಕಬ್ಬಿಣ ಇರಬೇಕು ಅಂತ ಎಫ್‌ಎಸ್‌ಎಸ್‌ಎಐ ನಿಯಮ. ಆ 10 ಗ್ರಾಂ ಒಗೆದ್ರ ಹಾಕಿದ ಕಬ್ಬಿಣ ಎಲ್ಲಾ ಹೋದಂಗೇ.

"ಕಬ್ಬಿಣ ಅದ ಅಂತ ಯಾರು ನೋಡ್ಯಾರ?" ಅಂತೀರಿ. ಲ್ಯಾಬಿನಾಗ ನೋಡ್ತಾರ. ಅಕ್ಕಿ ಬೀಸಿ, 550 ಡಿಗ್ರಿ ಆಸುಪಾಸು ಕುಲುಮಿ ಒಳಗ ಸುಟ್ಟು ಬೂದಿ ಮಾಡ್ತಾರ. ಧಾನ್ಯ ಸುಟ್ಟು ಹೋದ್ರೂ ಖನಿಜ ಬೂದಿಯೊಳಗ ಉಳೀತದ. ಅದನ್ನ ಆಸಿಡ್‌ನಾಗ ಕರಗಿಸಿ, ಉರಿ ಒಳಗ ತುಂತುರು ಬಿಡ್ತಾರ. ಕಬ್ಬಿಣಕ್ಕೆ ಅಂತಲೇ ಇರೋ ದೀಪದ ಬೆಳಕು, 248.3 ನ್ಯಾನೋಮೀಟರಿಂದು, ಆ ಉರಿ ಹಾಯ್ದು ಹೋಗ್ತದ. ಕಬ್ಬಿಣ ಹೆಚ್ಚಿದ್ದಷ್ಟು ಬೆಳಕು ಹೆಚ್ಚು ಹೀರ್ತದ. ಎಷ್ಟು ಹೀರಿತು ಅನ್ನೋದರ ಮ್ಯಾಲೆ ಲೆಕ್ಕ. ಈ ಮಷೀನಿಗೆ ಅಟಾಮಿಕ್ ಅಬ್ಸಾರ್ಪ್ಷನ್ ಸ್ಪೆಕ್ಟ್ರೋಮೀಟರ್ ಅಂತಾರ. ನಮ್ಮ ಹೊಲದ ಮಣ್ಣಿನಾಗಿನ ಜಿಂಕ್, ಕಬ್ಬಿಣ ಅಳೆಯೋದೂ ಇಂಥಾ ಮಷೀನಿನಾಗೇ.

ಮಣ್ಣು ಪರೀಕ್ಷೆಗೆ ಒಂದೇ ಜಾಗದ್ದು ತೆಗೀತೀವೇನು? ಅಲ್ಲಲ್ಲಿ ತೆಗೆದು ಬೆರೆಸ್ತೀವಿ. ಅಕ್ಕಿನೂ ಹಂಗೇ. ಒಂದು ಹಿಡಿಯೊಳಗ ಆ ಕಾಳು ಹೆಚ್ಚು ಬರಬಹುದು, ಇನ್ನೊಂದರಾಗ ಕಡಿಮಿ. ಅದಕ್ಕೇ ಚೀಲದ ಮ್ಯಾಲ, ನಡುವ, ಕೆಳಗ ತೆಗೆದು ಬೆರೆಸಿ ಕೊಡಬೇಕು. ಮನ್ಯಾಗ ಕಡ್ಡಿ ಗೀರಿ ಸುಟ್ಟು, ನೀರಾಗ ತೇಲಿಸಿ ನೋಡಿದ್ರ ಕಬ್ಬಿಣ ಎಷ್ಟು ಅಂತ ತಿಳಿಯೋದಿಲ್ಲ.

ಇಷ್ಟಾದ ಮ್ಯಾಲೂ ಸಂಶಯ ಇದ್ರ, 2006ರ ಆಹಾರ ಸುರಕ್ಷತೆ ಕಾಯ್ದೆಯ 40ನೇ ಕಲಮಿನಂತೆ ಕೊಂಡ ಆಹಾರ ಶುಲ್ಕ ಕಟ್ಟಿ ಪರೀಕ್ಷೆ ಮಾಡಿಸೋ ಹಕ್ಕು ಗ್ರಾಹಕರಿಗೆ ಅದ. ವಾಟ್ಸಾಪ್ ವಿಡಿಯೋ ನಂಬೋದಕ್ಕಿಂತ ಅದು ಚಲೋ.

ಇನ್ನೊಂದು ಮಾತು. ಅಕ್ಕಿ ಬಂದದ ಅಂತ ಡಾಕ್ಟರ್ ಕೊಟ್ಟ ಗುಳಿಗಿ ಬಿಡಬ್ಯಾಡ್ರಿ. ಥಲಸೇಮಿಯಾ, ಸಿಕಲ್ ಸೆಲ್ ಇದ್ದವರು ಈ ಅಕ್ಕಿ ಬಗ್ಗೆ ಡಾಕ್ಟರ್‌ನ ಕೇಳ್ರಿ. ಉಳಿದವರು ಹಳ್ಳು, ಹುಳ ಆರಿಸ್ರಿ, ಆ ಕಾಳು ಅಲ್ಲೇ ಇರಲಿ. ಮನ್ಯಾಗಿನ ಹೆಣ್ಮಕ್ಕಳಿಗೂ ಓದಿ ಹೇಳ್ರಿ.