ಬಸ್ಸಿನಲ್ಲಿ ಕಂಡ ಮೂಲಗ್ರಾಮಗಳು

ಆಂಗ್ಲದೇಶಕ್ಕೆ ಹೋಗಿಬಂದವರು ಲಂಡನ್ನಿನ ಅರಮನೆ, ಸೇತುವೆ, ವಸ್ತುಸಂಗ್ರಹಾಲಯಗಳನ್ನು ಬೇಕಾದಷ್ಟು ವರ್ಣಿಸಿರುವರು. ಅಲ್ಲಿಯ ಹಳ್ಳಿಗಳ ವಿಷಯವಾಗಿ ಹೇಳಿದವರು ಕಡಮೆ. 2025ನೆಯ ಇಸವಿಯ ಬೇಸಗೆಯಲ್ಲಿ ನಾವು ನಾರ್ಥಾಂಪ್ಟನ್ ಪಟ್ಟಣದಲ್ಲಿ ಮಗಳ ಮನೆಯಲ್ಲಿ ಎರಡು ತಿಂಗಳು ಇದ್ದೆವು. ಬೆಳಗ್ಗೆ ಮಗಳೂ ಅಳಿಯಂದಿರೂ ಕೆಲಸಕ್ಕೆ, ಮೊಮ್ಮಗಳು ಶಾಲೆಗೆ ಹೊರಟುಹೋದ ಮೇಲೆ ಸಂಜೆಯವರೆಗೆ ಮನೆಯಲ್ಲಿ ನಾವೊಬ್ಬರೇ. ಹೀಗಿರಲು ಬಸ್ಸು ಹತ್ತಿ ಸುತ್ತಣ ಹಳ್ಳಿಗಳನ್ನು ನೋಡಿಬರುವ ಅಭ್ಯಾಸವಾಯಿತು.

ಇದಕ್ಕೆ ಇನ್ನೊಂದು ಕಾರಣವೂ ಉಂಟು. ಮಕ್ಕಳೆಲ್ಲರೂ ತಂತಮ್ಮ ಹಿರಿಯರ ಊರನ್ನು ಭೂಪಟದಲ್ಲಿ ಗುರುತಿಸಿ ತರಬೇಕೆಂದು ಮೊಮ್ಮಗಳ ಶಾಲೆಯಲ್ಲಿ ಹೇಳಿದ್ದರು. ಹಾಸನದ ಸೀಮೆಯಲ್ಲಿರುವ ನಮ್ಮ ಊರಿನ ಹೆಸರನ್ನು ಹೇಳಿಕೊಟ್ಟೆವು. "ಅಜ್ಜೀ, ಅಲ್ಲಿ ಈಗ ನಮ್ಮವರು ಯಾರಿದ್ದಾರೆ?" ಎಂದು ಮಗು ಕೇಳಿತು. ಮನೆ ಮಾರಿ ಇಪ್ಪತ್ತು ವರ್ಷಗಳಾದುವು, ಯಾರೂ ಇಲ್ಲವೆಂದೆವು. "ಹಾಗಾದರೆ ಅದು ನಮ್ಮ ಊರು ಹೇಗೆ?" ಎಂದಿತು. ಎಂಟು ವರ್ಷದ ಮಗುವಿನ ಈ ಮಾತಿಗೆ ಆ ರಾತ್ರಿ ನಮ್ಮಲ್ಲಿ ಉತ್ತರವಿರಲಿಲ್ಲ.

ಮೊದಲು ಬಸ್ಸಿನ ಸಂಗತಿಯನ್ನು ಹೇಳುವೆವು. ಆ ವರ್ಷದ ಜನವರಿಯಿಂದ ಹೆಚ್ಚಿನ ಬಸ್ಸುಗಳಲ್ಲಿ ಒಂದು ಪ್ರಯಾಣಕ್ಕೆ 3 ಪೌಂಡಿಗಿಂತ ಅಧಿಕವಾಗಿ ತೆಗೆದುಕೊಳ್ಳಬಾರದೆಂದು ಸರ್ಕಾರದವರು ಗೊತ್ತುಮಾಡಿದ್ದರು. ಅದಕ್ಕೆ ಹಿಂದಿನ ಎರಡು ವರ್ಷ ಈ ಮಿತಿಯು 2 ಪೌಂಡು ಇದ್ದಿತು. ಪಿಂಚಣಿಯ ವಯಸ್ಸಿಗೆ ಬಂದ ಅಲ್ಲಿನ ನಿವಾಸಿಗಳಿಗೆ ವಾರದ ದಿನಗಳಲ್ಲಿ ಬೆಳಗ್ಗೆ 9-30ರ ಮೇಲೆ ಟಿಕೇಟೇ ಇಲ್ಲ. ಆದುದರಿಂದ ಆ ಹೊತ್ತಿನ ಬಸ್ಸೆಂದರೆ ಮುದುಕ ಮುದುಕಿಯರ ಸಭೆಯಿದ್ದಂತೆ. ಒಬ್ಬರ ಮೊಣಕಾಲಿನ ನೋವನ್ನು ಇನ್ನೊಬ್ಬರು ವಿಚಾರಿಸುವರು. ಇಳಿಯುವಾಗ ಪ್ರತಿಯೊಬ್ಬರೂ ಚಾಲಕನಿಗೆ ವಂದನೆ ಹೇಳಿಯೇ ಇಳಿಯುವರು. 1986ರಿಂದ ಲಂಡನ್ನಿನ ಹೊರಗೆ ಬಸ್ಸು ನಡೆಸುವುದು ಬಹುಮಟ್ಟಿಗೆ ಖಾಸಗಿ ವ್ಯಾಪಾರವಾಗಿದೆ. ಲಾಭ ಬಾರದ ಹಾದಿಗೆ ಸ್ಥಳೀಯ ಸಭೆಯವರು ಹಣ ಕೊಟ್ಟರೆ ಮಾತ್ರ ಬಸ್ಸು ಓಡುವುದು. ಹಣ ನಿಂತರೆ ಬಸ್ಸೂ ನಿಲ್ಲುವುದು. ಕಾರು ನಡೆಸಲಾರದ ಮುದುಕಿಗೆ ಅಂದಿನಿಂದ ಪೇಟೆ, ಔಷಧ, ಗೆಳತಿಯ ಮನೆ ಎಲ್ಲವೂ ದೂರವೇ.

ಎರಡು ಅಂತಸ್ತಿನ ಬಸ್ಸಿನ ಮೇಲೆ, ಮುಂದಿನ ಪೀಠದಲ್ಲಿ ಕುಳಿತರೆ ಕಾರಿನವರಿಗೆ ಕಾಣದ ಹೊಲಗಳು ಬೇಲಿಯಾಚೆ ಕಾಣುವುವು. ಈ ಪ್ರಾಂತದ ಹುಲ್ಲುಗಾವಲುಗಳಲ್ಲಿ ಅಲೆಯಂತೆ ಸಾಲುಸಾಲಾಗಿ ಏರಿಳಿತಗಳಿವೆ. ಅವು ನೂರಾರು ವರ್ಷಗಳ ಹಿಂದಿನ ರೈತರ ನೇಗಿಲಿನ ಗುರುತುಗಳು. ಹದಿನೆಂಟನೆಯ ಶತಮಾನದಲ್ಲಿ ಊರಿನ ಬಯಲು ಹೊಲಗಳನ್ನು ಕಾಯಿದೆಯ ಮೂಲಕ ಹಂಚಿ ಬೇಲಿ ಹಾಕಿದರು. ಉಳುವ ನೆಲ ಬಹುಮಟ್ಟಿಗೆ ಕುರಿ ದನಗಳ ಮೇವಿಗೆ ಬಿದ್ದಿತು. ಉತ್ತವರು ಹೋದರು, ಉತ್ತ ಗುರುತು ಹುಲ್ಲಿನ ಕೆಳಗೆ ಉಳಿಯಿತು.

ಪಟ್ಟಣದಿಂದ ಪೂರ್ವಕ್ಕೆ ಸುಮಾರು 5 ಮೈಲಿ ಹೋದರೆ ಎಕ್ಟನ್ ಎಂಬ ಗ್ರಾಮ. ಹೆದ್ದಾರಿಯಲ್ಲಿ ಇಳಿದು ಒಳಗೆ ನಡೆದೆವು. ಕಂದುಬಣ್ಣದ ಕಲ್ಲಿನ ಮನೆಗಳು, ಹಳೆಯ ಇಗರ್ಜಿ, ಅದರ ಸುತ್ತ ಸಮಾಧಿಗಳು. ಅಮೆರಿಕದ ಸ್ವಾತಂತ್ರ್ಯಘೋಷಣೆಗೆ ಸಹಿಮಾಡಿದವರಲ್ಲಿ ಒಬ್ಬನಾದ ಬೆಂಜಮಿನ್ ಫ್ರಾಂಕ್ಲಿನ್ನನ ಹಿರಿಯರ ಊರು ಇದು. ಕಮ್ಮಾರಿಕೆಯನ್ನು ವಂಶಪಾರಂಪರ್ಯವಾಗಿ ಮಾಡಿಕೊಂಡಿದ್ದ ಮನೆತನ ಅವರದು. ಇಲ್ಲಿ ಹುಟ್ಟಿದ ಅವನ ತಂದೆಯು 1683ರ ಸುಮಾರಿಗೆ ಹೆಂಡತಿ ಮಕ್ಕಳೊಡನೆ ಸಮುದ್ರ ದಾಟಿ ಬಾಸ್ಟನ್ನಿಗೆ ಹೋದನು. ಬೆಂಜಮಿನ್ 1706ರಲ್ಲಿ ಅಲ್ಲಿಯೇ ಹುಟ್ಟಿದವನು. 1758ರಲ್ಲಿ ಅವನು ಮಗನನ್ನು ಕರೆದುಕೊಂಡು ಈ ಊರನ್ನು ಹುಡುಕಿ ಬಂದನು. ಪಾದ್ರಿಯು ಇಗರ್ಜಿಯ ರಿಜಿಸ್ಟರನ್ನು ತೆಗೆದು ತೋರಿಸಿದನು. ಅದರಲ್ಲಿ 1555ರಿಂದ ಈಚೆಗೆ ಬರೆದಿದ್ದಿತೆಂದೂ, ಅದನ್ನು ನೋಡಲಾಗಿ ತಾನು ಐದು ತಲೆಮಾರುಗಳಿಂದ ಕಿರಿಯ ಮಗನ ಕಿರಿಯ ಮಗನೆಂದು ತಿಳಿದಿತೆಂದೂ ಫ್ರಾಂಕ್ಲಿನ್ ಆತ್ಮಚರಿತ್ರೆಯಲ್ಲಿ ಹೇಳಿಕೊಂಡಿರುವನು.

ಈ ರಿಜಿಸ್ಟರುಗಳ ಕಥೆಯೂ ತಿಳಿಯತಕ್ಕದ್ದೇ. ಎಂಟನೆಯ ಹೆನ್ರಿಯ ಮಂತ್ರಿಯಾದ ಥಾಮಸ್ ಕ್ರಾಮ್ವೆಲ್ಲನು 1538ರಲ್ಲಿ ಒಂದು ಅಪ್ಪಣೆ ಹೊರಡಿಸಿದನು: ಪ್ರತಿಯೊಂದು ಇಗರ್ಜಿಯಲ್ಲಿಯೂ ದೀಕ್ಷಾಸ್ನಾನ, ಮದುವೆ, ಸಮಾಧಿಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಬೇಕು. ಸರ್ಕಾರವೇ ಜನನ ಮರಣಗಳನ್ನು ದಾಖಲೆಮಾಡಲು ತೊಡಗಿದುದು 1837ರಲ್ಲಿ. ಅಲ್ಲಿಯವರೆಗೆ ಮೂರು ಶತಮಾನಗಳ ಕಾಲ ಸಾಮಾನ್ಯ ಕೂಲಿಗಾರನಿಗೆ ಇದ್ದ ಬರವಣಿಗೆಯ ಗುರುತೆಂದರೆ ಬಹುಮಟ್ಟಿಗೆ ಇಗರ್ಜಿಯ ಪುಸ್ತಕದ ಆ ಎರಡು ಮೂರು ಸಾಲುಗಳೇ. ಈಗ ಹಳೆಯ ಪುಸ್ತಕಗಳು ಹೆಚ್ಚಾಗಿ ಆಯಾ ಜಿಲ್ಲೆಯ ದಾಖಲೆಯ ಕಚೇರಿಗಳಲ್ಲಿವೆ. ಅಮೆರಿಕ, ಆಸ್ಟ್ರೇಲಿಯಗಳಿಂದ ಜನರು ಬಂದು ತಮ್ಮ ಹಿರಿಯರ ಹೆಸರುಗಳನ್ನು ಹುಡುಕುತ್ತಾರೆ.

ಎಕ್ಟನ್ನಿನಲ್ಲಿ ನಮ್ಮ ಮನಸ್ಸನ್ನು ಹಿಡಿದುದು ಮತ್ತೊಂದು ಸಂಗತಿ. ಫ್ರಾಂಕ್ಲಿನ್ನನ ದೊಡ್ಡಪ್ಪ ದೊಡ್ಡಮ್ಮಂದಿರ ಸಮಾಧಿಯ ಕಲ್ಲುಗಳು ಇಂದಿಗೂ ಅಲ್ಲಿವೆ. ಅವನು ಬಂದಾಗ ಅವು ಹಾವಸೆ ಹಿಡಿದು ಅಕ್ಷರಗಳೇ ಕಾಣುತ್ತಿರಲಿಲ್ಲ. ಪಾದ್ರಿಯ ಹೆಂಡತಿಯು ಗಟ್ಟಿಯಾದ ಕುಂಚವನ್ನೂ ನೀರನ್ನೂ ತರಿಸಿದಳು; ಪೀಟರ್ ಎಂಬುವನು ಕಲ್ಲನ್ನು ತಿಕ್ಕಿ ತೊಳೆದನು; ಮಗನು ಅಕ್ಷರಗಳನ್ನು ಬರೆದುಕೊಂಡನು. ಫ್ರಾಂಕ್ಲಿನ್ ಹೆಂಡತಿಗೆ ಬರೆದ ಕಾಗದದಲ್ಲಿ ಇದಿಷ್ಟೂ ಇದೆ. ಆ ಪೀಟರನು ಯಾರು? ಫ್ರಾಂಕ್ಲಿನ್ನನು ಅಮೆರಿಕದಿಂದ ಜೊತೆಗೆ ತಂದಿದ್ದ ಗುಲಾಮ. ಒಡೆಯನ ಹಿರಿಯರ ಹೆಸರು ಬೆಳಕಿಗೆ ಬಂದುದು ಇವನ ಕೈಯಿಂದ. ಇವನ ಹಿರಿಯರ ಊರನ್ನು ಹೇಳುವ ಕಲ್ಲಾಗಲಿ ಪುಸ್ತಕವಾಗಲಿ ಆ ಊರಿನಲ್ಲಿ ಇರಲಿಲ್ಲ. ಹಿಂದಿರುಗುವ ಬಸ್ಸಿಗಾಗಿ ಕಾಯುತ್ತ ನಿಂತಿದ್ದಾಗ ನಮಗೆ ಆ ಮಹಾಪುರುಷನಿಗಿಂತ ಈ ಪೀಟರನ ಚಿಂತೆಯೇ ಹೆಚ್ಚಾಯಿತು.

ಮುಂದಿನ ವಾರ ನೈಋತ್ಯಕ್ಕೆ ಹೋದೆವು. ಆ ಕಡೆಯ ಪೇಟೆಯ ಹೆಸರನ್ನು ಬರೆಯುವುದು ಟೌಸೆಸ್ಟರ್ ಎಂಬಂತೆ. ಕರೆಯುವುದು ಟೋಸ್ಟರ್ ಎಂದು! ಅಲ್ಲಿ ಬಸ್ಸಿಳಿದು, ಸುಮಾರು 3 ಮೈಲಿ ನಡೆದು ಪಾಲರ್ಸ್‌ಪರಿ ಗ್ರಾಮವನ್ನು ಸೇರಿದೆವು. ವಿಲಿಯಂ ಕೇರಿ 1761ರಲ್ಲಿ ಹುಟ್ಟಿದುದು ಇಲ್ಲಿ. ತಂದೆ ಮೊದಲು ನೇಕಾರ, ಆಮೇಲೆ ಇಗರ್ಜಿಯ ಗುಮಾಸ್ತೆ ಮತ್ತು ಊರಿನ ಉಪಾಧ್ಯಾಯ. ಮಗನು ಜೋಡು ಹೊಲಿಯುವುದನ್ನು ಕಲಿತು, ಆ ಕೆಲಸದ ನಡುವೆಯೇ ಹಲವು ಭಾಷೆಗಳನ್ನು ಕಲಿತು, 1793ರಲ್ಲಿ ಬಂಗಾಳಕ್ಕೆ ಹೊರಟನು. 1834ರಲ್ಲಿ ಶ್ರೀರಾಮಪುರದಲ್ಲಿ ಸಾಯುವವರೆಗೆ ಒಮ್ಮೆಯೂ ತನ್ನ ದೇಶಕ್ಕೆ ಮರಳಲಿಲ್ಲ. ಕನ್ನಡಿಗರಿಗೆ ಇವನ ಸಂಬಂಧವೇನೆಂದರೆ, 1817ರಲ್ಲಿ ಕನ್ನಡ ಭಾಷೆಗೆ ಇಂಗ್ಲಿಷಿನಲ್ಲಿ ಒಂದು ವ್ಯಾಕರಣವನ್ನು ಬರೆದು ಅಚ್ಚುಹಾಕಿಸಿದವನು ಇವನೇ. ಈ ಊರಿನ ನೇಕಾರನ ಮಗನು ನಮ್ಮ ನುಡಿಯ ಲಿಂಗ ವಚನ ವಿಭಕ್ತಿಗಳನ್ನು ಬರೆದಿಟ್ಟನು. ಅಲ್ಲಿಂದ ಕೆಲವೇ ಮೈಲಿಗಳ ದೂರದಲ್ಲಿ ಬೆಳೆಯುತ್ತಿರುವ ನಮ್ಮ ಮೊಮ್ಮಗಳಿಗೆ ಆ ನುಡಿಯ ಒಂದಕ್ಷರವೂ ಓದಲು ಬಾರದು!

ನಮ್ಮ ಬಾಲ್ಯದಲ್ಲಿ ಸುಗ್ಗಿಯ ನಂತರ ಎತ್ತಿನ ಮೇಲೆ ಕುಳಿತು ಗಂಟೆಯಾಡಿಸುತ್ತ ಹೆಳವನು ಬಾಗಿಲಿಗೆ ಬರುತ್ತಿದ್ದನು. ಮೂಲದ ಊರು, ಅಲ್ಲಿಂದ ಒಕ್ಕಲೆದ್ದು ಬಂದ ಹಿರಿಯ, ಅವನ ಮಕ್ಕಳು, ಅವರ ಮಕ್ಕಳು ಎಂದು ಒಂದೇ ಉಸಿರಿನಲ್ಲಿ ಹೇಳಿ, ಮೊರದ ತುಂಬ ರಾಗಿಯನ್ನು ಪಡೆದು ಹೋಗುವನು. ಆಗಿನ ನಮಗೆ ಅದು ಒಂದು ಆಟದಂತೆ ಇತ್ತು. ಇಗರ್ಜಿಯ ಪುಸ್ತಕ ಮಾಡಿದ ಕೆಲಸವನ್ನೇ ಹೆಳವನ ನಾಲಗೆಯೂ ಮಾಡುತ್ತಿದ್ದಿತೆಂದು ಈಗ ತೋರುವುದು. ಆದರೆ ನಮ್ಮ ಬಾಗಿಲಲ್ಲಿ ಆತನು ಹೇಳುತ್ತಿದ್ದುದು ನಮ್ಮವರ ಹೆಸರುಗಳನ್ನಷ್ಟೆ. ನಮ್ಮ ಹೊಲದಲ್ಲಿ ತಲೆಮಾರುಗಳಿಂದ ದುಡಿದವರ ಹೆಸರುಗಳು ಅದರಲ್ಲಿ ಇರಲಿಲ್ಲ.

ನಾರ್ಥಾಂಪ್ಟನ್ನಿನ ಅಂಗಡಿಯಲ್ಲಿ ದಪ್ಪನೆಯ ರಟ್ಟಿನ ಒಂದು ಪುಸ್ತಕವನ್ನು ಕೊಂಡೆವು. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷು. ನಮಗೆ ನೆನಪಿರುವ ಐದು ತಲೆಮಾರುಗಳನ್ನೂ, ತವರಿನ ಮತ್ತು ಅತ್ತೆಯ ಮನೆಯ ಹೆಂಗಸರನ್ನೂ ಸೇರಿಸಿ, ಬರೆದೆವು. ಸಂಜೆ ಶಾಲೆಯಿಂದ ಬಂದ ಮೇಲೆ ಮೊಮ್ಮಗಳು ಎಡಗಡೆಯ ಹೆಸರುಗಳನ್ನು ತಿದ್ದುವಳು. ಎರಡು ತಿಂಗಳಿನಲ್ಲಿ ಆಕೆಗೆ ಅಕ್ಷರಗಳು ಬಹುಮಟ್ಟಿಗೆ ಬಂದುವು. ಅನಂತರ, ನಮ್ಮನ್ನು ಎತ್ತಿ ಆಡಿಸಿದ ಆಳಿನ ಮಗಳಿಗೂ ಅವಳ ತಮ್ಮನಿಗೂ ಒಂದು ಪುಟವನ್ನು ತೆರೆದೆವು. ಅವರ ತಂದೆಯ ಹೆಸರನ್ನು ಮನೆಯಲ್ಲಿ ಯಾರೂ ಕರೆಯುತ್ತಿರಲಿಲ್ಲ. ಬರಿಯ "ಲೋ" ಎನ್ನುತ್ತಿದ್ದರು. ಊರಿನಲ್ಲಿರುವ ಅವರ ಮನೆಯವರನ್ನು ವಿಚಾರಿಸಿದೆವು. ನಾವು ಹೊರಡುವ ಮುನ್ನ ಹೆಸರು ಬಂದಿತು. ಅದನ್ನು ಎಡಗಡೆಯ ಪುಟದಲ್ಲಿ ಮೊಮ್ಮಗಳೇ ತನ್ನ ಕೈಯಿಂದ ಬರೆದಳು.