ಒಲೆ ಹಚ್ಚದ ಸಿಹಿ

ಮಕ್ಕಳು ತಮ್ಮ ಕೈಯಾರೆ ಮಾಡಿ, ಹಂಚಿಕೊಂಡು ತಿನ್ನುವ ಸಿಹಿತಿನಿಸುಗಳಲ್ಲಿ ಚಿಗಳಿಗೆ ಮೊದಲ ಮಣೆ ಸಲ್ಲಬೇಕು. ಎಳ್ಳನ್ನೂ ಬೆಲ್ಲವನ್ನೂ ಕೂಡಿಸಿ ಕುಟ್ಟಿ ನೆಲ್ಲಿಕಾಯಿ ಗಾತ್ರದ ಉಂಡೆಗಳಾಗಿ ಕಟ್ಟುವ ಈ ತಿನಿಸನ್ನು ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ನಾಗರಪಂಚಮಿಯಂದು, ಅಂದರೆ ಶ್ರಾವಣ ಶುದ್ಧ ಪಂಚಮಿಯ ದಿನ, ತಂಬಿಟ್ಟಿನ ಜೊತೆಗೆ ನಾಗರಕಲ್ಲಿಗೂ ಹುತ್ತಕ್ಕೂ ನೈವೇದ್ಯ ಮಾಡುತ್ತಾರೆ. ಹಬ್ಬದಂದು ಬಾಣಲೆಯಿಡಬಾರದು, ಹುರಿಯುವುದೂ ಕರಿಯುವುದೂ ಕೂಡದು ಎಂಬ ಕಟ್ಟುಪಾಡು ಅನೇಕ ಮನೆತನಗಳಲ್ಲಿರುವುದರಿಂದ ಅಲ್ಲಿ ಎಳ್ಳನ್ನು ಹಸಿಯಾಗಿಯೇ ಕುಟ್ಟುತ್ತಾರೆ. ತಂಬಿಟ್ಟಿಗೂ ನೆನೆಸಿ, ನೆರಳಿನಲ್ಲಿ ಆರಿಸಿದ ಅಕ್ಕಿಯನ್ನು ಹಿಟ್ಟು ಮಾಡಿ ಬೆಲ್ಲ ಬೆರೆಸುತ್ತಾರೆ. ದೇವರಿಗಾಗಿ ಹಿರಿಯರು ಪಾಲಿಸಿಕೊಂಡು ಬಂದ ಈ ನೇಮದಿಂದ, ಅದನ್ನು ಯಾರೂ ಉದ್ದೇಶಿಸಿರದಿದ್ದರೂ, ಮಕ್ಕಳಿಗೆ ಅಡುಗೆಮನೆಯೊಳಗೆ ಒಂದು ಪೂರ್ಣವಾದ ಕೆಲಸ ದೊರೆಯಿತು.

ಸಿಹಿ ಮಾಡುವ ಕೆಲಸದಿಂದ ಮಕ್ಕಳನ್ನು ದೂರ ಇಡುವುದು ಬರಿಯ ಬೆಂಕಿಯಲ್ಲ, ಪಾಕ. ಬೆಲ್ಲವನ್ನೋ ಸಕ್ಕರೆಯನ್ನೋ ನೀರಿನೊಡನೆ ಕಾಯಿಸಿ ಹದಕ್ಕೆ ತರುವುದನ್ನು ಪಾಕ ಹಿಡಿಯುವುದು ಎನ್ನುತ್ತಾರೆ. ಎರಡು ಬೆರಳುಗಳ ನಡುವೆ ಎಳೆ ಬಂದರೆ ಅದು ಎಳೆ ಪಾಕ, ತಣ್ಣೀರಿಗೆ ಬಿಟ್ಟ ಹನಿಯನ್ನು ಬೆರಳಿನಿಂದ ಗುಂಡಗೆ ಮಾಡಲು ಬಂದರೆ ಉಂಡೆ ಪಾಕ. ಉಂಡೆ ಪಾಕದ ಶಾಖ ಸುಮಾರು 115 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಕುದಿಯುವ ನೀರಿಗಿಂತಲೂ ಬಿಸಿಯಾದ ಅದು ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಉತ್ತರ ಕರ್ನಾಟಕದಲ್ಲಿ ಪಂಚಮಿಗೆಂದು ಕಟ್ಟುವ ಬಗೆಬಗೆಯ ಉಂಡಿಗಳಲ್ಲಿ ಪಾಕ ಬೇಡುವಂಥವು ದೊಡ್ಡವರ ಕೈಯಲ್ಲೇ ಉಳಿದು, ಹುರಿದ ಶೇಂಗಾದ ಸಿಪ್ಪೆ ತಿಕ್ಕಿ ತೆಗೆಯುವಂಥ ಕೆಲಸವಷ್ಟೇ ಮಕ್ಕಳ ಪಾಲಿಗೆ ಬರುವುದು ಈ ಕಾರಣದಿಂದಲೇ.

ಚಿಗಳಿಗೆ ಪಾಕವೂ ಬೇಡ, ತುಪ್ಪವೂ ಬೇಡ. ಎಳ್ಳಿನ ತೂಕದಲ್ಲಿ ಹೆಚ್ಚುಕಡಿಮೆ ಅರ್ಧ ಭಾಗ ಎಣ್ಣೆಯೇ ಆಗಿರುವುದರಿಂದ ಕುಟ್ಟುತ್ತ ಹೋದಂತೆ ಕಾಳು ಒಡೆದು ಎಣ್ಣೆ ಹೊರಗೆ ಬರುತ್ತದೆ. ಗಾಳಿಯ ತೇವವನ್ನು ಹೀರಿಕೊಂಡು ಯಾವಾಗಲೂ ತುಸು ಜಿಗುಟಾಗಿರುವ ಬೆಲ್ಲ ಆ ಎಣ್ಣೆಯೊಡನೆ ಬೆರೆತು, ಒಡೆದ ಕಾಳುಗಳನ್ನು ಒಂದಕ್ಕೊಂದು ಹಿಡಿಸುತ್ತದೆ. ಒಂದು ಬಟ್ಟಲು ಎಳ್ಳಿಗೆ ಮುಕ್ಕಾಲು ಬಟ್ಟಲು ಪುಡಿಬೆಲ್ಲ, ಎರಡು ಏಲಕ್ಕಿ, ಇಷ್ಟವಿದ್ದರೆ ಒಂದು ಹಿಡಿ ಒಣಕೊಬ್ಬರಿಯ ತುರಿ ಇದ್ದರೆ ಸಾಕು. ನೇಮವಿಲ್ಲದ ದಿನಗಳಲ್ಲಿ ದೊಡ್ಡವರೊಬ್ಬರು ಎಳ್ಳನ್ನು ಸಣ್ಣ ಉರಿಯಲ್ಲಿ ಚಟಪಟ ಸಿಡಿಯುವವರೆಗೆ ಹುರಿದು, ಪೂರಾ ಆರಿಸಿ ಕೊಟ್ಟರೆ ಪರಿಮಳ ಹೆಚ್ಚುತ್ತದೆ. ಮುಂದಿನದೆಲ್ಲ ಮಕ್ಕಳ ಕೆಲಸ. ಮೊದಲು ಎಳ್ಳನ್ನಷ್ಟೇ ಕುಟ್ಟಿ, ಅದು ತರಿತರಿಯಾಗಿ ಒರಳಿನ ಬದಿಗೆ ಅಂಟತೊಡಗಿದ ಮೇಲೆ ಬೆಲ್ಲ ಹಾಕಬೇಕು, ಏಕೆಂದರೆ ಬೆಲ್ಲ ಮೊದಲೇ ಬಿದ್ದರೆ ಒಡೆಯದ ಕಾಳುಗಳು ಅದರೊಳಗೆ ಹುದುಗಿಕೊಂಡು ಪೆಟ್ಟಿನಿಂದ ತಪ್ಪಿಸಿಕೊಳ್ಳುತ್ತವೆ. ಈ ಕ್ರಮವನ್ನು ಮಕ್ಕಳಿಗೆ ಯಾರೂ ಬಾಯಿಮಾತಿನಲ್ಲಿ ಕಲಿಸಬೇಕಾಗಿಲ್ಲ. ಒಣಗಿದ ಎಳ್ಳಿನ ಮಂದ ವಾಸನೆ ಒಮ್ಮೆಗೇ ಗಾಢವಾಗುವ ಗಳಿಗೆಯನ್ನು ಮೂಗು ತಾನಾಗಿ ಗುರುತಿಸುತ್ತದೆ, ಅಷ್ಟರಲ್ಲಿ ಕಲ್ಲಿನ ಸದ್ದೂ ಟಣಟಣ ಬಿಟ್ಟು ಮೆತ್ತಗಾಗಿರುತ್ತದೆ.

ಮಿಕ್ಸಿಯಲ್ಲಿ ಇದೇ ಕೆಲಸ ಕ್ಷಣಗಳಲ್ಲಿ ಮುಗಿಯುತ್ತದೆಯಾದರೂ ಎಣ್ಣೆ ಒಟ್ಟಿಗೇ ಬಿಟ್ಟುಕೊಂಡು ಎಲ್ಲವೂ ನುಣ್ಣನೆಯ ಮುದ್ದೆಯಾಗಿಬಿಡುತ್ತದೆ. ಸರದಿಯಂತೆ ಒಬ್ಬರಾದ ಮೇಲೊಬ್ಬರು ಕುಟ್ಟುವ ಎಳೆಯ ತೋಳುಗಳಿಂದ ಬರುವ ಚಿಗಳಿಯಲ್ಲಿ ಕೆಲವು ಕಾಳು ಪುಡಿಯಾಗಿ, ಕೆಲವು ಅರೆಬರೆ ಒಡೆದು, ಕೆಲವು ಇಡಿಯಾಗಿಯೇ ಉಳಿದಿರುತ್ತವೆ. ಒಂದು ತುತ್ತಿನಲ್ಲೇ ಬೆಲ್ಲದ ಸಿಹಿ ಮೊದಲು ಕರಗಿ, ಎಳ್ಳಿನ ಸಣ್ಣ ಕಹಿ ಹಲ್ಲಿಗೆ ಸಿಕ್ಕಿದಾಗ ತಡವಾಗಿ ಹೊಮ್ಮುವ ಆ ರುಚಿ ನುಣುಪಾದ ಚಿಗಳಿಯಲ್ಲಿ ಇಲ್ಲ. ಇಲ್ಲಿ ಮಕ್ಕಳ ಕೈಯ ಅಡುಗೆಯೇ ನುರಿತವರ ಅಡುಗೆಗಿಂತ ಮೇಲು ಎನ್ನಲು ಹಿಂಜರಿಯಬೇಕಾಗಿಲ್ಲ.

ಹುಣಸೆಹಣ್ಣಿನಿಂದ ಮಾಡುವ ಇನ್ನೊಂದು ಚಿಗಳಿಯೂ ಉಂಟು, ಅದಕ್ಕೆ ಕುಟ್ಟುಂಡೆಯೆಂಬ ಹೆಸರೂ ಇದೆ. ಬೇಸಿಗೆಯ ಮೊದಲಿಗೆ ಹೊಸ ಹುಣಸೆ ಉದುರುವ ಕಾಲಕ್ಕೆ, ಬೀಜ ಮತ್ತು ನಾರು ತೆಗೆದ ಹಣ್ಣಿಗೆ ಬೆಲ್ಲ, ಉಪ್ಪು, ಜೀರಿಗೆ, ಒಣಮೆಣಸಿನಕಾಯಿ ಸೇರಿಸಿ ಕುಟ್ಟಿ, ಕಡ್ಡಿಯ ತುದಿಗೆ ಮೆತ್ತಿ ಚೀಪುತ್ತಾರೆ. ಇದಕ್ಕೆ ಹಬ್ಬವೂ ಇಲ್ಲ, ನೈವೇದ್ಯವೂ ಇಲ್ಲ. ಇದು ಪೂರ್ತಿಯಾಗಿ ಮಕ್ಕಳದೇ ಸ್ವತ್ತು.

ಹಂಚುವ ವಿಷಯದಲ್ಲಿ ಎಳ್ಳು ಚಿಗಳಿಗೆ ಇರುವ ಗುಣ ಮಿಕ್ಕ ಉಂಡೆಗಳಿಗೆ ಸುಲಭವಾಗಿ ಬಾರದು. ಅಂಗೈಗಳ ಅಳತೆ ಬೇರೆಬೇರೆಯಾಗಿರುವುದರಿಂದ ಮಕ್ಕಳು ಕಟ್ಟಿದ ಉಂಡೆಗಳು ಒಂದೇ ಗಾತ್ರಕ್ಕೆ ಬರುವುದಿಲ್ಲ, ಎಣಿಸಿ ಕೊಟ್ಟರೆ ಜಗಳ ತಪ್ಪುವುದೂ ಇಲ್ಲ. ಪಾಕದ ಉಂಡೆ ಆರಿ ಗಟ್ಟಿಯಾದ ಮೇಲೆ ಒಡೆದರೆ ಚೂರಾಗುತ್ತದೆ. ಚಿಗಳಿಯನ್ನಾದರೋ ದೊಡ್ಡದರಿಂದ ಚಿವುಟಿ ಚಿಕ್ಕದಕ್ಕೆ ಸೇರಿಸಿ ಮತ್ತೆ ಉಂಡೆ ಮಾಡಬಹುದು, ತಡವಾಗಿ ಬಂದವರಿಗೂ ಎಲ್ಲರ ಪಾಲಿನಿಂದ ಒಂದೊಂದು ಚಿಟಿಕೆ ಕೂಡಿಸಿ ಹೊಸ ಉಂಡೆಯನ್ನೇ ಕಟ್ಟಬಹುದು. ಒಂದೇ ಉಂಡೆ ಉಳಿದಾಗ ಎಂಜಲಿನ ಪ್ರಶ್ನೆ ಬರುತ್ತದೆ. ಒಬ್ಬರ ಬಾಯಿ ತಾಗಿದ್ದನ್ನು ಇನ್ನೊಬ್ಬರು ತಿನ್ನಬಾರದೆಂಬ ಹಿರಿಯರ ನಿಯಮವನ್ನು ಮಕ್ಕಳು ಮುರಿಯುವುದಿಲ್ಲ, ಅಂಗಿಯ ಅಂಚಿನಲ್ಲೋ ಲಂಗದ ಸೆರಗಿನಲ್ಲೋ ಉಂಡೆಯನ್ನು ಸುತ್ತಿ, ಬಟ್ಟೆಯ ಮೇಲಿಂದ ಕಚ್ಚಿ ತುಂಡು ಮಾಡುತ್ತಾರೆ. ಗುಬ್ಬಿ ಎಂಜಲು ಎಂದು ಕರೆಯುವ ಈ ಉಪಾಯದಲ್ಲಿ ತುಟಿ ತಿನಿಸಿಗೆ ತಾಗದಿರುವುದರಿಂದ ನಿಯಮವೂ ಉಳಿಯುತ್ತದೆ, ಪಾಲೂ ಸಿಗುತ್ತದೆ. ಬಾಲ್ಯದ ಬುದ್ಧಿವಂತಿಕೆಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಹುಡುಕುವುದು ಕಷ್ಟ. ಜಿಗುಟಾದ ಹುಣಸೆ ಚಿಗಳಿಗೆ ಮಾತ್ರ ಇದು ನಡೆಯುವುದಿಲ್ಲ. ಅದನ್ನು ಒಮ್ಮೆ ಚೀಪಿದ ಮೇಲೆ ಹಂಚಲು ದಾರಿಯೇ ಇಲ್ಲದ್ದರಿಂದ, ಅಲ್ಲಿ ಕುಟ್ಟಲು ಕೂರುವ ಮುಂಚೆಯೇ ಬಂದವರನ್ನು ಎಣಿಸಿ ಅಷ್ಟು ಕಡ್ಡಿಗಳನ್ನು ಮುರಿದಿಟ್ಟುಕೊಳ್ಳಬೇಕು.